ಮನೆ ಇಲ್ಲಿ, ಕೆಲಸ ಅಲ್ಲಿ: ‘ವ್ಯರ್ಥ ದೂರ’ವನ್ನು ಅಳೆದ ಕಥೆ

ಹಾಸನದಿಂದ ಅರಸೀಕೆರೆ ಕಡೆಗೆ ಹೊರಟರೆ ಸುಮಾರು 10 ಕಿ.ಮೀ. ದೂರದಲ್ಲಿ ನಮ್ಮ ಕೊರವಂಗಲ ಸಿಗುತ್ತದೆ. ಇತಿಹಾಸ ಓದಿದವರಿಗೆ ಈ ಊರು ಬೂಚೇಶ್ವರ ದೇವಾಲಯದಿಂದ ಪರಿಚಿತ. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ 1173ರಲ್ಲಿ ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ ಗುಡಿ ಅದು. ಗುಡಿಯ ಬಗ್ಗೆ ಬಲ್ಲವರು ಸಾಕಷ್ಟು ಬರೆದಿದ್ದಾರೆ. ಈ ಲೇಖನದ ವಿಷಯ ಊರಿನಿಂದ ಹಾಸನಕ್ಕೆ ಹೋಗುವ ರಸ್ತೆ.

ಬೆಳಗಿನ ಹೊತ್ತು ಈ ರಸ್ತೆಯಲ್ಲಿ ಎರಡೂ ದಿಕ್ಕಿನಲ್ಲಿ ಜನ ಓಡಾಡುತ್ತಾರೆ. ಹಳ್ಳಿಗಳಿಂದ ಗಾರ್ಮೆಂಟ್ಸ್‌ಗೆ, ಅಂಗಡಿಗಳಿಗೆ, ಆಸ್ಪತ್ರೆಗಳಿಗೆ, ಗಾರೆ ಕೆಲಸಕ್ಕೆ ಹೋಗುವವರು ಹಾಸನದ ಕಡೆಗೆ ಹೊರಟಿರುತ್ತಾರೆ. ಹಾಸನದಲ್ಲಿ ಮನೆ ಮಾಡಿಕೊಂಡಿರುವ ಮೇಷ್ಟ್ರು, ಬ್ಯಾಂಕಿನವರು, ಪಂಚಾಯಿತಿ ನೌಕರರು, ಪಶು ಆಸ್ಪತ್ರೆಯವರು ಹಳ್ಳಿಗಳ ಕಡೆಗೆ ಬರುತ್ತಿರುತ್ತಾರೆ. ಸಂಜೆ ಇದೇ ಓಡಾಟ ತಿರುಗುಮುರುಗಾಗಿ ನಡೆಯುತ್ತದೆ. ದಾರಿಯಲ್ಲಿ ಒಬ್ಬರನ್ನೊಬ್ಬರು ದಾಟಿಹೋಗುವ ಈ ಎರಡು ಗುಂಪುಗಳನ್ನು ನೋಡಿದ ಯಾರಿಗಾದರೂ ಒಂದು ಪ್ರಶ್ನೆ ಹುಟ್ಟಬಹುದು: ಇವರು ಮನೆಗಳನ್ನು ಅದಲುಬದಲು ಮಾಡಿಕೊಂಡರೆ ಇಷ್ಟು ಓಡಾಟವೇ ಬೇಕಿಲ್ಲವಲ್ಲ?

ತಮಾಷೆಯಂತೆ ಕಾಣುವ ಈ ಪ್ರಶ್ನೆಯನ್ನು ನಗರ ಅರ್ಥಶಾಸ್ತ್ರಜ್ಞರು ನಲವತ್ತು ವರ್ಷಕ್ಕೂ ಮೀರಿ ಗಂಭೀರವಾಗಿ ಲೆಕ್ಕ ಹಾಕುತ್ತ ಬಂದಿದ್ದಾರೆ. ಒಂದು ನಗರದ ಮನೆಗಳು ಇರುವಲ್ಲೇ ಇರಲಿ, ಕೆಲಸದ ಜಾಗಗಳೂ ಇರುವಲ್ಲೇ ಇರಲಿ. ಯಾರು ಯಾವ ಮನೆಯಲ್ಲಿರಬೇಕು ಎಂಬುದನ್ನಷ್ಟೇ ಬದಲಿಸಿದರೆ ಎಲ್ಲರ ಒಟ್ಟು ಪ್ರಯಾಣ ಎಷ್ಟು ಕಡಿಮೆಯಾಗಬಹುದು? ಆ ಕನಿಷ್ಠ ದೂರವನ್ನು ಜನ ನಿಜವಾಗಿ ಪ್ರಯಾಣಿಸುವ ದೂರದಿಂದ ಕಳೆದರೆ ಉಳಿಯುವುದಕ್ಕೆ ಅವರು ‘ವ್ಯರ್ಥ ಪ್ರಯಾಣ’ ಎಂದು ಹೆಸರಿಟ್ಟರು. ಆಮೇಲೆ ಬಂದವರು ಸ್ವಲ್ಪ ಸೌಮ್ಯವಾಗಿ ‘ಹೆಚ್ಚುವರಿ ಪ್ರಯಾಣ’ ಎಂದರು. ನನ್ನ ಪಿಎಚ್‌.ಡಿ. ಅಧ್ಯಯನ ಈ ಅಳತೆಯ ಸುತ್ತಲೇ ಇದೆ. ಈ ಸಂಖ್ಯೆ ಏನನ್ನು ತೋರಿಸುತ್ತದೆ, ಯಾರ ಕಷ್ಟವನ್ನು ಕಾಣದಂತೆ ಮಾಡುತ್ತದೆ ಎಂಬುದು ನಮ್ಮ ನಾಡಿನ ಉದಾಹರಣೆಗಳನ್ನು ಇಟ್ಟು ನೋಡಿದಾಗ ಚೆನ್ನಾಗಿ ತಿಳಿಯುತ್ತದೆ.

ಮಣ್ಣು ಸಾಗಿಸುವ ಲೆಕ್ಕ

ಈ ಲೆಕ್ಕದ ಮೂಲ ಮನುಷ್ಯರಲ್ಲಿಲ್ಲ, ಮಣ್ಣಿನಲ್ಲಿದೆ. 1781ರಲ್ಲಿ ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮಾಂಜ್ ಒಂದು ಪ್ರಬಂಧ ಬರೆದ. ಅಗೆದ ಗುಂಡಿಗಳಿಂದ ಮಣ್ಣನ್ನು ಹೊತ್ತು ಏರಿ ಹಾಕಬೇಕು. ಯಾವ ಗುಂಡಿಯ ಮಣ್ಣನ್ನು ಎಲ್ಲಿಗೆ ಹಾಕಿದರೆ ಹೊರುವ ಶ್ರಮ ಅತಿ ಕಡಿಮೆಯಾಗುತ್ತದೆ ಎಂಬುದು ಅವನ ಪ್ರಶ್ನೆ. ಕೆರೆ ಹೂಳೆತ್ತಿ ಏರಿ ಭದ್ರಪಡಿಸಿದ ನಮ್ಮ ಹಿರಿಯರಿಗೂ ಇದು ಅನುಭವದಿಂದ ಗೊತ್ತಿದ್ದ ಸಂಗತಿಯೇ. ಇಪ್ಪತ್ತನೇ ಶತಮಾನದಲ್ಲಿ ಸೋವಿಯತ್ ಒಕ್ಕೂಟದ ಲಿಯೊನಿದ್ ಕಾಂತರೊವಿಚ್ 1939ರಿಂದ ಮುಂದೆ ಪ್ಲೈವುಡ್ ಕಾರ್ಖಾನೆಯಂಥ ಉತ್ಪಾದನೆಯ ಸಮಸ್ಯೆಗಳ ಮೂಲಕ ಇಂಥ ಪ್ರಶ್ನೆಗಳಿಗೆ ಹೊಸ ಗಣಿತ ಕಟ್ಟಿದರು. 1941ರಲ್ಲಿ ಅಮೆರಿಕದ ಫ್ರಾಂಕ್ ಹಿಚ್‌ಕಾಕ್ ಹಲವು ಕಾರ್ಖಾನೆಗಳಿಂದ ಹಲವು ಊರುಗಳಿಗೆ ಸರಕು ಸಾಗಿಸುವ ಲೆಕ್ಕವನ್ನು ಬಿಡಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಟ್ಯಾಲಿಂಗ್ ಕೂಪ್‌ಮನ್ಸ್ ಹಡಗು ಸಾಗಣೆಯ ಯೋಜನೆಯಲ್ಲಿ ಇದೇ ಬಗೆಯ ಪ್ರಶ್ನೆಯನ್ನು ಎದುರಿಸಿದರು. ಕಾಂತರೊವಿಚ್ ಮತ್ತು ಕೂಪ್‌ಮನ್ಸ್ ಇಬ್ಬರಿಗೂ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಮಣ್ಣು, ಪ್ಲೈವುಡ್, ಹಡಗು. ಈ ಮೂರಕ್ಕೂ ಒಂದು ಸಾಮಾನ್ಯ ಗುಣವಿದೆ. ಒಂದು ಬುಟ್ಟಿ ಮಣ್ಣಿನ ಬದಲು ಇನ್ನೊಂದು ಬುಟ್ಟಿ ಮಣ್ಣು ಹಾಕಿದರೆ ಏರಿಗೆ ವ್ಯತ್ಯಾಸವಾಗುವುದಿಲ್ಲ. ತಾನು ಯಾವ ಗುಂಡಿಯಿಂದ ಬಂದೆ ಎಂಬ ಹಂಗು ಮಣ್ಣಿಗಿಲ್ಲ. ಈ ಗಣಿತವನ್ನು ಮನೆ ಮತ್ತು ಕೆಲಸಕ್ಕೆ ಅನ್ವಯಿಸಿದಾಗ ಆ ಗುಣವೂ ಸದ್ದಿಲ್ಲದೆ ಜೊತೆಗೆ ಬಂತು.

ಶೇ. 87ರಿಂದ ಶೇ. 11ಕ್ಕೆ

1982ರಲ್ಲಿ ಬ್ರೂಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ‘ವ್ಯರ್ಥ ಪ್ರಯಾಣ’ ಎಂಬ ಹೆಸರಿನಲ್ಲೇ ಒಂದು ಪ್ರಬಂಧ ಪ್ರಕಟಿಸಿದರು. ಆ ಕಾಲದ ನಗರ ಸಿದ್ಧಾಂತದ ಪ್ರಕಾರ ನಗರಕ್ಕೊಂದು ಕೇಂದ್ರ. ಕೆಲಸಗಳೆಲ್ಲ ಕೇಂದ್ರದ ಹತ್ತಿರ ಒತ್ತಾಗಿದ್ದು, ದೂರ ಹೋದಂತೆ ವಿರಳವಾಗುತ್ತವೆ. ಮನೆಗಳು ಅದಕ್ಕಿಂತ ಆಚೆಗೆ ಹರಡಿಕೊಂಡಿರುತ್ತವೆ. ಹಾಗಿದ್ದರೆ ಮನೆಗಳು ಕೇಂದ್ರದಿಂದ ಸರಾಸರಿ ಎಷ್ಟು ದೂರ, ಕೆಲಸಗಳು ಎಷ್ಟು ದೂರ ಎಂದು ನೋಡಿ ಒಂದರಿಂದ ಇನ್ನೊಂದನ್ನು ಕಳೆದರೆ ಅಗತ್ಯವಿರುವ ಕನಿಷ್ಠ ಪ್ರಯಾಣ ಸಿಗಬೇಕು. ಅಮೆರಿಕದ 14 ನಗರಗಳಲ್ಲಿ ಈ ಲೆಕ್ಕ ಮಾಡಿದಾಗ ಸರಾಸರಿ ಅಗತ್ಯ ದೂರ ಸುಮಾರು 1.1 ಮೈಲಿ ಬಂತು. ಜನ ನಿಜವಾಗಿ ಹೋಗುತ್ತಿದ್ದದ್ದು ಸುಮಾರು 8.7 ಮೈಲಿ. ಅಂದರೆ ಶೇ. 87ರಷ್ಟು ಪ್ರಯಾಣ ವ್ಯರ್ಥ! ಚೀಟಿ ಎತ್ತಿ ಮನೆ ಹಂಚಿದರೆ ಎಷ್ಟು ದೂರ ಬೀಳುತ್ತಿತ್ತೋ, ಜನರ ನಿಜವಾದ ಪ್ರಯಾಣ ಅದಕ್ಕೇ ಹೆಚ್ಚು ಹತ್ತಿರವಿತ್ತು. ಹ್ಯಾಮಿಲ್ಟನ್‌ರ ಮುಖ್ಯ ಗುರಿ ಜನರನ್ನು ದೂರುವುದಾಗಿರಲಿಲ್ಲ. ಪ್ರಯಾಣದ ಖರ್ಚನ್ನು ನೋಡಿಕೊಂಡೇ ಜನ ಮನೆ ಆರಿಸುತ್ತಾರೆಂಬ ಸಿದ್ಧಾಂತ ವಾಸ್ತವಕ್ಕೆ ಹೊಂದುತ್ತಿಲ್ಲ ಎಂದು ತೋರಿಸುವುದಾಗಿತ್ತು.

1988ರಲ್ಲಿ ಮಿಶೆಲ್ ವೈಟ್ ಇದಕ್ಕೆ ಉತ್ತರ ಕೊಟ್ಟರು. ನಿಜವಾದ ನಗರದಲ್ಲಿ ಕೆಲಸಗಳು ಒಂದೇ ಕೇಂದ್ರದ ಸುತ್ತ ಸಮವಾಗಿ ಹರಡಿರುವುದಿಲ್ಲ, ರಸ್ತೆಗಳೂ ನೆಟ್ಟಗಿರುವುದಿಲ್ಲ. ಆದ್ದರಿಂದ ನಗರವನ್ನು ವಲಯಗಳಾಗಿ ವಿಂಗಡಿಸಿ, ಯಾವ ವಲಯದಿಂದ ಯಾವ ವಲಯಕ್ಕೆ ಎಷ್ಟು ಜನ ಹೋಗುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನಿಟ್ಟು ಹಿಚ್‌ಕಾಕ್‌ರ ಸಾಗಣೆ ಲೆಕ್ಕವನ್ನು ಅವರು ಬಳಸಿದರು. ವ್ಯರ್ಥದ ಪ್ರಮಾಣ ಸುಮಾರು ಶೇ. 11ಕ್ಕೆ ಇಳಿಯಿತು. ಎರಡು ಸಂಖ್ಯೆಗಳ ನಡುವೆ ಅಜಗಜಾಂತರ.

ಈ ವ್ಯತ್ಯಾಸದ ಗುಟ್ಟನ್ನು 1992ರಲ್ಲಿ ಕೆನೆತ್ ಸ್ಮಾಲ್ ಮತ್ತು ಶುನ್‌ಫೆಂಗ್ ಸಾಂಗ್ ಬಿಡಿಸಿದರು. ಅದನ್ನು ನಮ್ಮೂರಿನ ರಸ್ತೆಯಿಂದಲೇ ವಿವರಿಸಬಹುದು. ಇಡೀ ಹಾಸನ ತಾಲ್ಲೂಕನ್ನು ಒಂದು ವಲಯವೆಂದು ಹಿಡಿದರೆ, ಕೊರವಂಗಲದಿಂದ ಹಾಸನಕ್ಕೆ ಹೋಗುವವರೂ ಹಾಸನದಿಂದ ಕೊರವಂಗಲಕ್ಕೆ ಬರುವವರೂ ‘ತಮ್ಮ ವಲಯದಲ್ಲೇ ಕೆಲಸ ಮಾಡುವವರು’ ಆಗಿಬಿಡುತ್ತಾರೆ. ಅವರು ಒಬ್ಬರನ್ನೊಬ್ಬರು ದಾಟಿಹೋಗುವುದು ಲೆಕ್ಕಕ್ಕೆ ಕಾಣುವುದೇ ಇಲ್ಲ. ಒಂದೊಂದು ಹಳ್ಳಿಯನ್ನೂ ಬೇರೆ ವಲಯವೆಂದು ಹಿಡಿದ ತಕ್ಷಣ ಕಾಣತೊಡಗುತ್ತದೆ. ವೈಟ್ ಬಳಸಿದ ವಲಯಗಳು ದೊಡ್ಡವು. ಸ್ಮಾಲ್ ಮತ್ತು ಸಾಂಗ್ ಲಾಸ್ ಏಂಜಲೀಸ್ ಪ್ರದೇಶವನ್ನು ನೂರಾರು ಸಣ್ಣ ವಲಯಗಳಾಗಿ ಒಡೆದು ನೋಡಿದಾಗ ಹೆಚ್ಚುವರಿ ಪ್ರಯಾಣ ಮೂರನೇ ಎರಡು ಭಾಗದಷ್ಟಿತ್ತು. ವಲಯಗಳನ್ನು ದೊಡ್ಡದು ಮಾಡುತ್ತ ಹೋದಂತೆ ಅದು ಕುಗ್ಗಿತು. ಅಂದರೆ ‘ವ್ಯರ್ಥ’ ಎಷ್ಟೆಂಬುದು ಗೆರೆ ಎಳೆಯುವವರ ಕೈಯಲ್ಲೂ ಸ್ವಲ್ಪ ಇದೆ.

ಅದಲುಬದಲಿಗೆ ಒಗ್ಗದ್ದು

ಈಗ ಮೂಲ ಪ್ರಶ್ನೆಗೆ ಬರೋಣ. ಲೆಕ್ಕ ಸರಿಯಾಗಿದೆ ಎಂದಿಟ್ಟುಕೊಂಡರೂ ಮನುಷ್ಯರು ಮಣ್ಣಿನ ಬುಟ್ಟಿಗಳೇ?

ಮನೆ ಅದಲುಬದಲಿನ ಲೆಕ್ಕವನ್ನು ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಅತ್ತಿಗೆಯೊಬ್ಬರಿಗೆ ವಿವರಿಸಿ ಹೇಳಿದ್ದೆ. ಅವರು ನಕ್ಕು, “ಹಂಗಾದ್ರೆ ಹಸೂನೂ ಅದ್ಲುಬದ್ಲು ಮಾಡ್ಕಳದೇನಪ್ಪ?” ಎಂದರು. ಆ ಮಾತಿನಲ್ಲಿ ಇಡೀ ಆಕ್ಷೇಪಣೆ ಇದೆ. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಆಮೇಲೆ ಬಸ್ಸು ಹತ್ತುವ ಹೆಂಗಸಿಗೆ ಇರುವುದು ಒಂದು ಕೆಲಸವಲ್ಲ, ಎರಡು. ಒಂದು ಕೆಲಸ ಮನೆಯ ಹಿತ್ತಲಲ್ಲೇ ಇದೆ. ಲೆಕ್ಕದ ಪಟ್ಟಿಯಲ್ಲಿ ಬರುವುದು ಸಂಬಳ ಬರುವ ಇನ್ನೊಂದು ಕೆಲಸ ಮಾತ್ರ. ಅವರು ಹಾಸನಕ್ಕೆ ಮನೆ ಬದಲಿಸಿದರೆ ದಿನದ ಇಪ್ಪತ್ತು ಕಿ.ಮೀ. ಉಳಿಯುತ್ತದೆ. ಹಾಲಿನ ದುಡ್ಡು, ಬಾಡಿಗೆಯಿಲ್ಲದ ಸೂರು, ಮಕ್ಕಳನ್ನು ನೋಡಿಕೊಳ್ಳುವ ಅತ್ತೆ, ಹೊಲದ ರಾಗಿ ಹೋಗುತ್ತವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೋಗುವ ಹೆಂಗಸರಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಖರ್ಚಾಗುವುದು ಸಮಯ ಮತ್ತು ಮೈಯ ಶಕ್ತಿ.

ಎದುರಿನಿಂದ ಬರುವ ಮೇಷ್ಟ್ರಿಗೂ ಅವರದೇ ಕಾರಣಗಳಿವೆ. ಹೆಂಡತಿಗೆ ಹಾಸನದಲ್ಲಿ ಕೆಲಸ, ಮಕ್ಕಳಿಗೆ ಅಲ್ಲೇ ಶಾಲೆ, ಎರಡು ಮೂರು ವರ್ಷಕ್ಕೆ ವರ್ಗಾವಣೆಯ ಭಯ. ನೌಕರರು ಕೇಂದ್ರಸ್ಥಾನದಲ್ಲೇ ವಾಸವಿರಬೇಕು ಎಂಬ ಸರ್ಕಾರಿ ಸುತ್ತೋಲೆಗಳು ಆಗಾಗ ಬರುತ್ತಲೇ ಇರುತ್ತವೆ. ಸಂಜೆಯ ಬಸ್ಸು ತುಂಬಿಕೊಂಡು ಹಾಸನಕ್ಕೆ ಹೋಗುತ್ತಲೇ ಇರುತ್ತದೆ. ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ, ಒಂದೇ ಮನೆ ಎರಡೂ ಕೆಲಸಗಳಿಗೆ ಹತ್ತಿರವಿರುವುದು ಅಪರೂಪ.

ಇಂಥದ್ದೇ ಒಂದು ಅದಲುಬದಲನ್ನು ನಮ್ಮ ರಾಜ್ಯ ಹೊಲಗಳಲ್ಲಿ ಮಾಡಿಸಲು ಹೊರಟಿತ್ತು. ಒಂದೇ ಕುಟುಂಬದ ಜಮೀನು ನಾಲ್ಕು ದಿಕ್ಕಿನಲ್ಲಿ ಚೂರುಚೂರಾಗಿ ಬಿದ್ದಿದ್ದರೆ ನೇಗಿಲು ಹೊತ್ತು ನಡೆಯುವುದರಲ್ಲೇ ಹೊತ್ತು ಹೋಗುತ್ತದೆ. ತುಂಡುಗಳನ್ನು ಪರಸ್ಪರ ಬದಲಿಸಿಕೊಂಡು ಒಂದೇ ಕಡೆ ಕೂಡಿಸಿದರೆ ಆ ನಡಿಗೆ ತಪ್ಪುತ್ತದೆ. ಹಿಡುವಳಿಗಳ ತುಂಡಾಗುವಿಕೆ ತಡೆ ಮತ್ತು ಏಕೀಕರಣಕ್ಕೆಂದೇ 1966ರ ಕಾಯ್ದೆಯಿತ್ತು. ಕಾಗದದ ಮೇಲೆ ಲೆಕ್ಕ ಸುಲಭ. ಆದರೆ ಕೆರೆ ಹಿಂದಿನ ಹತ್ತು ಗುಂಟೆ ಗದ್ದೆಯೂ ದಿಣ್ಣೆ ಮೇಲಿನ ಹತ್ತು ಗುಂಟೆ ಬೆದ್ದಲೂ ಒಂದೇ ಎಂದು ಯಾವ ರೈತ ಒಪ್ಪುತ್ತಾನೆ? ಮಳೆ ಹೆಚ್ಚಾದ ವರ್ಷ ದಿಣ್ಣೆ ಉಳಿಸುತ್ತದೆ, ಕಡಿಮೆಯಾದ ವರ್ಷ ಗದ್ದೆ ಉಳಿಸುತ್ತದೆ. ಹರಿದುಹಂಚಿದ ಜಮೀನು ರೈತನಿಗೆ ಒಂದು ಬಗೆಯ ವಿಮೆಯೂ ಆಗಿತ್ತು. ಊರಲ್ಲಿ ಮನೆ ಇಟ್ಟುಕೊಂಡು ಪೇಟೆಯಲ್ಲಿ ದುಡಿಯುವುದೂ ಅಂಥದ್ದೇ ವಿಮೆ. ಕಾರ್ಖಾನೆ ಮುಚ್ಚಿದರೂ ಹಿತ್ತಲು ಇರುತ್ತದೆ.

ಇನ್ನು ಕೆಲವು ತಡೆಗಳು ಆಯ್ಕೆಯವಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಮೊದಲು ಹೆಸರು, ಆಮೇಲೆ ‘ನೀವು ಯಾವ ಜನ’, ಆಮೇಲೆ ‘ಮಾಂಸ ತಿಂತೀರಾ’ ಎಂಬ ಪ್ರಶ್ನೆಗಳು ಬರುವುದು ಹಾಸನದಲ್ಲೂ ಉಂಟು, ಬೆಂಗಳೂರಿನಲ್ಲೂ ಉಂಟು. ದಲಿತರಿಗೆ, ಮುಸ್ಲಿಮರಿಗೆ ಕೆಲಸದ ಹತ್ತಿರ ಮನೆ ಖಾಲಿಯಿದ್ದರೂ ಸಿಗುವುದಿಲ್ಲ. ಲೆಕ್ಕದಲ್ಲಿ ಆ ಮನೆ ಅವರಿಗೂ ತೆರೆದಿದೆ, ಊರಿನಲ್ಲಿ ತೆರೆದಿಲ್ಲ. ಹೀಗೆ ದೂರವಾದ ಕಿಲೋಮೀಟರುಗಳನ್ನೂ, ಹಸು ಸಾಕಲೆಂದು ಇಷ್ಟಪಟ್ಟು ಉಳಿಸಿಕೊಂಡ ಕಿಲೋಮೀಟರುಗಳನ್ನೂ ‘ಹೆಚ್ಚುವರಿ’ ಎಂಬ ಒಂದೇ ಪದ ಒಂದೇ ಗಂಟಿಗೆ ಕಟ್ಟಿಬಿಡುತ್ತದೆ.

ಗಣಿಯ ಬಾಗಿಲಲ್ಲೇ ಮನೆ

ಹಾಗಾದರೆ ಮನೆ ಮತ್ತು ಕೆಲಸದ ನಡುವಿನ ದೂರವನ್ನು ಸೊನ್ನೆ ಮಾಡಿದ ಊರುಗಳು ಹೇಗಿದ್ದವು? ಕರ್ನಾಟಕದಲ್ಲಿ ಅದಕ್ಕೆ ದೊಡ್ಡ ಉದಾಹರಣೆ ಕೋಲಾರದ ಚಿನ್ನದ ಗಣಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿಗಾರಿಕೆ ಹಿಡಿದ ಮೇಲೆ ಕಾರ್ಮಿಕರ ‘ಲೈನು’ಗಳು ಗಣಿಬಾಯಿಗಳ ಸುತ್ತಲೇ ಎದ್ದವು. ಅಲ್ಲಿಗೆ ಬಂದವರಲ್ಲಿ ಬಹುಪಾಲು ತಮಿಳು ಪ್ರದೇಶದ ದಲಿತರು. ನಕಾಶೆಯ ಮೇಲೆ ಅವರ ಮನೆಗೂ ಕೆಲಸಕ್ಕೂ ದೂರವೇ ಇರಲಿಲ್ಲ. ನಕಾಶೆ ಆಳವನ್ನು ಅಳೆಯುವುದಿಲ್ಲ ಎಂಬುದು ಬೇರೆ ಮಾತು. ಚಾಂಪಿಯನ್ ರೀಫ್ ಗಣಿ ನೆಲದೊಳಕ್ಕೆ 3 ಕಿ.ಮೀ.ಗೂ ಹೆಚ್ಚು ಇಳಿದಿತ್ತು.

ಮೈಸೂರು ಸಂಸ್ಥಾನದ ಕಾರ್ಮಿಕರ ಚರಿತ್ರೆಯನ್ನು ಬರೆದ ಜಾನಕಿ ನಾಯರ್ ಅವರ ಕೃತಿ 1998ರಲ್ಲಿ ಪ್ರಕಟವಾಯಿತು. ಗಣಿ ಕಾರ್ಮಿಕರ ಮತ್ತು ಬೆಂಗಳೂರಿನ ಗಿರಣಿ ಕಾರ್ಮಿಕರ ಬದುಕನ್ನು ಜೊತೆಗಿಟ್ಟು ನೋಡಿದ ಪುಸ್ತಕ ಅದು. ಈ ಚರಿತ್ರೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮನೆ ಕಂಪನಿಯದಾದರೆ ಮನೆಯೊಳಗಿನ ಬದುಕಿನ ಮೇಲೂ ಕಂಪನಿಯ ಕಣ್ಣು ಇರುತ್ತದೆ. 1930ರಲ್ಲಿ ಗಣಿ ಕಾರ್ಮಿಕರು ಬೆರಳಚ್ಚು ನೋಂದಣಿಯ ವಿರುದ್ಧ ಮುಷ್ಕರ ಹೂಡಿದರು. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು ಎಂಬ ಕಡೆ ಮುಷ್ಕರ ಹೂಡುವುದೆಂದರೆ ಸೂರನ್ನೂ ಪಣಕ್ಕಿಟ್ಟಂತೆ. ಸೊನ್ನೆ ದೂರಕ್ಕೂ ಒಂದು ಬೆಲೆಯಿತ್ತು.

ಸ್ವಾತಂತ್ರ್ಯದ ನಂತರ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳು ಇದೇ ಆಲೋಚನೆಯನ್ನು ಹೆಚ್ಚು ಘನತೆಯಿಂದ ಮಾಡಿದವು. 1948ರ ಐ.ಟಿ.ಐ., 1953ರ ಎಚ್‌.ಎಂ.ಟಿ., 1954ರ ಬಿ.ಇ.ಎಲ್. ಕಾರ್ಖಾನೆಗಳ ಪಕ್ಕದಲ್ಲಿ ದೂರವಾಣಿನಗರ, ಜಾಲಹಳ್ಳಿಗಳ ವಸತಿ ಬಡಾವಣೆಗಳು ಬಂದವು. ಶಾಲೆ, ಆಸ್ಪತ್ರೆ, ಆಟದ ಮೈದಾನ, ಕನ್ನಡ ಸಂಘ ಎಲ್ಲವೂ ಒಂದೇ ಬೇಲಿಯೊಳಗೆ. ಎಲ್ಲರಿಗೂ ಮನೆ ಸಿಗಲಿಲ್ಲ, ಸಿಕ್ಕವರ ದಿನ ಮಾತ್ರ ಹಗುರವಾಯಿತು. ಆದರೆ ಕಾರ್ಖಾನೆಗಳಿಗೂ ಆಯಸ್ಸಿದೆ. 2016ರಲ್ಲಿ ಎಚ್‌.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು.

ಕೆ.ಜಿ.ಎಫ್‌.ನ ಗಣಿಗಳು ಅದಕ್ಕೂ ಮೊದಲೇ, 2001ರ ಫೆಬ್ರವರಿ 28ರಂದು ಮುಚ್ಚಿದವು. ಕೆಲಸ ಹೋಯಿತು, ಲೈನುಗಳು ಉಳಿದವು. ಚಿನ್ನಕ್ಕಾಗಿ ಹಾಕಿದ ಕವಲು ರೈಲುದಾರಿಯೂ ಉಳಿಯಿತು. ಆ ಹಳಿಯ ಮೇಲೆ ಅಂದಿನಿಂದ ಇಂದಿನವರೆಗೆ ಸಾವಿರಾರು ಜನ ನಸುಕಿನಲ್ಲೇ ಮಾರಿಕುಪ್ಪಂ, ಕೋರಮಂಡಲ, ಚಾಂಪಿಯನ್ ನಿಲ್ದಾಣಗಳಲ್ಲಿ ರೈಲು ಹತ್ತಿ 80 ಕಿ.ಮೀ.ಗೂ ದೂರದ ಬೆಂಗಳೂರಿಗೆ ಹೋಗಿ, ರಾತ್ರಿ ಮನೆಗೆ ಮರಳುತ್ತಾರೆ. ಅಜ್ಜ ಮನೆಯಿಂದ ಗಣಿಗೆ ನಡೆದು ಹೋಗುತ್ತಿದ್ದ. ಮೊಮ್ಮಗನ ದಿನದ ಹಲವು ಗಂಟೆ ರೈಲಿನಲ್ಲಿ ಕಳೆಯುತ್ತದೆ. ಇಬ್ಬರ ಮನೆಯೂ ಒಂದೇ.

ಯಾವುದು ವ್ಯರ್ಥ?

ಈಗ ನಮ್ಮ ಅಳತೆಗೋಲನ್ನು ಈ ಎರಡು ದಾರಿಗಳ ಮೇಲಿಟ್ಟು ನೋಡೋಣ.

ಕೊರವಂಗಲದಿಂದ ಒಬ್ಬರು 10 ಕಿ.ಮೀ. ಹಾಸನಕ್ಕೆ ಹೋಗುತ್ತಾರೆ, ಹಾಸನದಿಂದ ಒಬ್ಬರು 10 ಕಿ.ಮೀ. ಕೊರವಂಗಲಕ್ಕೆ ಬರುತ್ತಾರೆ. ಮನೆ ಬದಲಿಸಿಕೊಂಡರೆ ಇಬ್ಬರ ಪ್ರಯಾಣವೂ ಇಲ್ಲವಾಗುತ್ತದೆ. ಕನಿಷ್ಠ ಸೊನ್ನೆ, ಆದ್ದರಿಂದ ಅವರ ಪ್ರಯಾಣ ನೂರಕ್ಕೆ ನೂರು ವ್ಯರ್ಥ.

ಕೆ.ಜಿ.ಎಫ್‌.ನಿಂದ ಇಬ್ಬರು ಬೆಂಗಳೂರಿಗೆ ಹೋಗುತ್ತಾರೆ ಎನ್ನಿ. ಇಬ್ಬರೂ ತಮ್ಮತಮ್ಮಲ್ಲಿ ಎಷ್ಟು ಸಲ ಮನೆ ಬದಲಿಸಿಕೊಂಡರೂ ದೂರ ಕಡಿಮೆಯಾಗುವುದಿಲ್ಲ. ಬೆಂಗಳೂರಿನವರ ಜೊತೆ ಬದಲಿಸಿಕೊಂಡರೆ ಆ ದೂರ ಅವರ ಹೆಗಲಿಗೆ ಹೋಗುತ್ತದೆ, ಅಷ್ಟೆ. ಮನೆಗಳಿರುವಷ್ಟು ಕೆಲಸ ಊರಿನಲ್ಲಿ ಇಲ್ಲದ ಮೇಲೆ ಆ ಮನೆಗಳಿಂದ ಯಾರಾದರೂ ದೂರ ಹೋಗಲೇಬೇಕು. ಕನಿಷ್ಠವೇ 80 ಕಿ.ಮೀ.; ಆದ್ದರಿಂದ ವ್ಯರ್ಥ ಸೊನ್ನೆ.

ಹತ್ತು ಕಿಲೋಮೀಟರಿನ ಬಸ್ಸಿನ ದಾರಿ ಪೂರ್ತಿ ವ್ಯರ್ಥ; ದಿನದ ಹಲವು ಗಂಟೆ ನುಂಗುವ ರೈಲಿನ ದಾರಿ ಒಂದಿಷ್ಟೂ ವ್ಯರ್ಥವಲ್ಲ! ಇಲ್ಲಿ ಗಣಿತ ತಪ್ಪಿಲ್ಲ. ಇರುವ ಮನೆಗಳನ್ನೂ ಇರುವ ಕೆಲಸಗಳನ್ನೂ ಅಲುಗಾಡಿಸದೆ ಎಷ್ಟು ಉಳಿಸಬಹುದು ಎಂದು ಮಾತ್ರ ಅದು ಕೇಳುತ್ತದೆ. ಕೆಲಸ ಅಲ್ಲಿಂದ ಹೋದದ್ದು ಏಕೆ, ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲವೇಕೆ ಎಂಬ ಪ್ರಶ್ನೆಗಳು ‘ಕನಿಷ್ಠ’ ಎಂಬ ಪದದೊಳಗೆ ಹೂತುಹೋಗುತ್ತವೆ. ಹೆಚ್ಚುವರಿ ದೂರದಲ್ಲಿ ಕುಟುಂಬಗಳ ಆಯ್ಕೆ, ಅನಿವಾರ್ಯತೆ, ಸಮಾಜದ ತಡೆಗಳು ಬೆರೆತಿರುತ್ತವೆ. ಕನಿಷ್ಠ ದೂರದಲ್ಲಿ ಇರುವುದು ಕಂಪನಿಗಳ, ಸರ್ಕಾರಗಳ ತೀರ್ಮಾನ. 2002ರಲ್ಲಿ ಮಾರ್ಕ್ ಹಾರ್ನರ್ ಕನಿಷ್ಠದ ಜೊತೆಗೆ ಗರಿಷ್ಠವನ್ನೂ ಲೆಕ್ಕ ಹಾಕಿ, ಜನರ ನಿಜವಾದ ಪ್ರಯಾಣ ಆ ಎರಡರ ನಡುವೆ ಎಲ್ಲಿ ಬೀಳುತ್ತದೆಂದು ನೋಡಬೇಕು ಎಂದರು. ಆಗ ಒಂದು ಸಂಖ್ಯೆಯ ಬದಲು ಮೂರು ಸಂಖ್ಯೆ ಕಣ್ಣ ಮುಂದಿರುತ್ತವೆ. ಅದು ಒಳ್ಳೆಯ ಹೆಜ್ಜೆ.

ಬೆಂಗಳೂರನ್ನೂ ಹೀಗೇ ಓದಬೇಕು. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಿಂದ ಪೇಟೆ, ಕಚೇರಿಗಳಿಗೆ ಹೋಗುವ ದಾರಿ ಚಿಕ್ಕದಿತ್ತು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ನಗರದ ದಕ್ಷಿಣದ ಅಂಚಿನಾಚೆ ಕಟ್ಟಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಐ.ಟಿ. ಪಾರ್ಕ್ ಪೂರ್ವದ ಅಂಚಿನಲ್ಲಿ ಬಂತು. ಕೆಲಸಗಳು ಹೊರಗೆ ಹೋದಂತೆ ಬಾಡಿಗೆಯೂ ಬೆನ್ನಟ್ಟಿತು. ಕೆಲಸ ಬದಲಿಸಿದಾಗಲೆಲ್ಲ ಮನೆ ಬದಲಿಸೋಣವೆಂದರೆ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ರೂಢಿ ಬೆಂಗಳೂರಿನದು. ಭೋಗ್ಯಕ್ಕೆ ಹಾಕಿಕೊಂಡಿದ್ದರೆ ಅವಧಿ ಮುಗಿಯುವವರೆಗೆ ಲಕ್ಷಗಟ್ಟಲೆ ಹಣ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಆದ್ದರಿಂದಲೇ ಹೊಸೂರು ರಸ್ತೆಯಲ್ಲಿ ಎರಡೂ ದಿಕ್ಕಿನ ಬಸ್ಸುಗಳು ತುಂಬಿರುತ್ತವೆ. ತುಮಕೂರಿನಿಂದ, ಮೈಸೂರಿನಿಂದ ತಿಂಗಳ ಪಾಸು ಮಾಡಿಸಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಬರುವವರೂ ಈ ಲೆಕ್ಕದವರೇ. ಶ್ರವಣಬೆಳಗೊಳದ ಮೇಲೆ ಹಾದು ಹಾಸನವನ್ನು ಬೆಂಗಳೂರಿಗೆ ಕೂಡಿಸುವ ರೈಲುದಾರಿ 2017ರ ಮಾರ್ಚಿನಲ್ಲಿ ತೆರೆಯಿತು. ದಾರಿ ಹತ್ತಿರವಾದಂತೆ ದೂರದ ಕೆಲಸಕ್ಕೆ ಹೋಗುವವರು ಹೆಚ್ಚುತ್ತಾರೆ. ಎಲ್ಲ ಊರುಗಳ ರೈಲಿನ ಚರಿತ್ರೆ ಇದೇ.

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ನಗರಗಳಿಗೆ ಈ ಲೆಕ್ಕವನ್ನು ನೆಟ್ಟಗೆ ಹಾಕಲು ಬೇಕಾದ ಮಾಹಿತಿಯ ಸ್ಥಿತಿಯನ್ನೂ ಹೇಳಬೇಕು. 2011ರ ಜನಗಣತಿ ಕೆಲಸಕ್ಕೆ ಹೋಗುವ ದೂರವನ್ನೂ ವಾಹನವನ್ನೂ ಕೇಳಿತ್ತು. ಪ್ರಕಟವಾದ ಕೋಷ್ಟಕದಲ್ಲಿ ‘ಇತರ ಕೆಲಸಗಾರರು’ ಮಾತ್ರ ಇದ್ದಾರೆ. ಹೊಲ ಗೇಯುವವರೂ ಕೃಷಿ ಕೂಲಿಗಳೂ ಇಲ್ಲ. 2ರಿಂದ 5 ಕಿ.ಮೀ., 6ರಿಂದ 10 ಕಿ.ಮೀ. ಎಂದು ದೂರವನ್ನು ಹಂತಹಂತವಾಗಿ ಕೊಟ್ಟಿದ್ದಾರೆ. ಎಷ್ಟು ದೂರ ಎಂದು ಗೊತ್ತಾಗುತ್ತದೆ, ಯಾವ ಕಡೆಗೆ ಎಂದು ಗೊತ್ತಾಗುವುದಿಲ್ಲ. ಹಾಸನದ ದಾರಿಯಲ್ಲಿ ಎದುರುಬದುರು ದಾಟಿಹೋಗುವ ಇಬ್ಬರೂ ಆ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂತಿರುತ್ತಾರೆ. ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ದೂರದ ಜೊತೆಗೆ ಕೆಲಸದ ಊರಿನ ಹೆಸರನ್ನೂ ಕೇಳಿ ಪ್ರಕಟಿಸಿದರೆ ಯಾವ ಊರು ಯಾವ ಊರಿಗೆ ತನ್ನ ಜನರನ್ನು ದಿನವೂ ಕಳಿಸಿಕೊಡುತ್ತಿದೆ ಎಂಬುದು ಮೊದಲ ಸಲ ತಿಳಿಯುತ್ತದೆ.

ಆಗಲೂ ಅಳೆಯುವವರು ನೆನಪಿಡಬೇಕಾದ ಮಾತು ಒಂದಿದೆ. ಹೆಚ್ಚುವರಿ ಎಷ್ಟೆಂದು ಕೇಳುವ ಮುಂಚೆ ಕನಿಷ್ಠ ಎಷ್ಟು, ಅದನ್ನು ಅಷ್ಟಕ್ಕೆ ತಂದವರು ಯಾರು ಎಂದು ಕೇಳಬೇಕು. ಆ ಪ್ರಶ್ನೆ ಕೇಳದಿದ್ದರೆ ಕೊರವಂಗಲದ ಹೆಂಗಸಿನ ಹತ್ತು ಕಿಲೋಮೀಟರು ವ್ಯರ್ಥವೆಂದು ದಾಖಲಾಗುತ್ತದೆ. ಮಾರಿಕುಪ್ಪಂನ ರೈಲು ಅಗತ್ಯವೆಂದು ದಾಖಲಾಗಿ, ಅದರ ಬಗ್ಗೆ ಯಾರೂ ಏನೂ ಮಾಡಬೇಕಾಗುವುದಿಲ್ಲ.